ಕಂತಿಲ್ಲದ ಸಾಲ: ಹದಿನೆಂಟು ತಿಂಗಳ ಓವರ್‌ಡ್ರಾಫ್ಟ್ ಬಳಸಿದ ಮೇಲೆ

ಕಳೆದ ವಾರ ಬ್ಯಾಂಕಿನಿಂದ ಒಂದು ಸಂದೇಶ ಬಂತು. ‘ನಮ್ಮ ಓವರ್‌ಡ್ರಾಫ್ಟ್ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ಎಂದು ಕೇಳಿ, ಕೆಳಗೆ ಕಾರಣ ಬರೆಯಲು ಒಂದು ಪುಟ್ಟ ಚೌಕ ಕೊಟ್ಟಿದ್ದರು. 200 ಅಕ್ಷರ ಮೀರುವಂತಿಲ್ಲ. ಎರಡೂವರೆ ಕೊಡೋಣವೆಂದರೆ ಅರ್ಧ ಅಂಕಕ್ಕೆ ಅವಕಾಶವಿಲ್ಲ. ಮೂರು ಒತ್ತಿದೆ. ಆ ಚೌಕದಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓವರ್‌ಡ್ರಾಫ್ಟ್ ಎಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣವನ್ನು ಒಂದು ಮಿತಿಯವರೆಗೆ ತೆಗೆಯಲು ಬಿಡುವ ಸಾಲ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ನನ್ನ ತಕರಾರಿನ ಮುಕ್ಕಾಲು ಪಾಲು ಈ ಸೇವೆಯ ಹುಟ್ಟುಗುಣದ ಮೇಲಿನದು.

ನನ್ನ ಕಸುಬು ಕರಡು ತಿದ್ದುವುದು. ಅಚ್ಚಿಗೆ ಹೋಗುವ ಪುಟಗಳಲ್ಲಿ ತಪ್ಪಿದ ಒತ್ತಕ್ಷರ, ಹಿಂದುಮುಂದಾದ ಅಂಕಿ, ಎರಡು ಸಲ ಬಂದ ಸಾಲು ಹುಡುಕುವುದೇ ದಿನವಿಡೀ ಕೆಲಸ. ಸಾಲು ತಿದ್ದುವವಳು ಸಾಲಕ್ಕೆ ಬಿದ್ದದ್ದು ಹೀಗೆ: ಹತ್ತಿರದವರೊಬ್ಬರಿಗೆ ಜಾಮೀನು ನಿಂತಿದ್ದೆ. ಅವರು ಸುಸ್ತಿದಾರರಾದರು. ಜಾಮೀನು ಹಾಕಿದ ಸಾಲ ನಮ್ಮ ಸಾಲ-ಪಾವತಿಗಳ ದಾಖಲೆಯಾದ ಕ್ರೆಡಿಟ್ ವರದಿಯಲ್ಲೂ ಕೂತಿರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅದೇ ಗಡಿಬಿಡಿಯಲ್ಲಿ ನನ್ನ ಸ್ವಂತ ಕಾರ್ಡಿನ ಎರಡು ತಿಂಗಳ ಬಾಕಿಯನ್ನೂ ತಡವಾಗಿ ಕಟ್ಟಿದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ. 300ರಿಂದ 900ರವರೆಗಿನ ಅಳತೆಯಲ್ಲಿ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಆ ವರದಿಯಿಂದ ಲೆಕ್ಕಹಾಕಿ ಸಾಲ ಕೊಡುವವರು ನೋಡುವ ಅಂಕ, 588ಕ್ಕೆ ಇಳಿದಿತ್ತು.

ಆಗ ಶಾಖೆಯಲ್ಲಿ ಒಬ್ಬರು ಹೇಳಿದರು: “ಒಂದು ಓಡಿ ಮಾಡಿಸಿಕೊಳ್ಳಿ ಮೇಡಂ. ಬಳಸುತ್ತಾ, ಕಟ್ಟುತ್ತಾ ಇದ್ದರೆ ಸ್ಕೋರ್ ತಾನಾಗಿಯೇ ಏರುತ್ತದೆ.” ಓವರ್‌ಡ್ರಾಫ್ಟಿಗೆ ಬ್ಯಾಂಕಿನವರ ಮುದ್ದಿನ ಹೆಸರು ಓಡಿ. ಹೆಸರು ಸರಿಯಾಗಿಯೇ ಇದೆ: ಒಳಗೆ ಓಡಿ ಹೋಗಬಹುದು, ಹೊರಗೆ ನಡೆದೇ ಬರಬೇಕು. ಹನ್ನೊಂದು ವರ್ಷದ ಹಳೆಯ ಖಾತೆ, ತಿಂಗಳು ತಿಂಗಳು ಬರುವ ಜಮೆ, ಇವುಗಳ ಆಧಾರದ ಮೇಲೆ ಒಂದು ಮಿತಿ ಕೊಟ್ಟರು. ಹಣದ ಮೊತ್ತ ಬರೆದರೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಅನ್ನಿಸುತ್ತದೆ. ಆದ್ದರಿಂದ ದುಡಿಮೆಯ ದಿನಗಳಲ್ಲಿ ಹೇಳುತ್ತೇನೆ. ನನ್ನ ಮಿತಿ 40 ದಿನಗಳ ದುಡಿಮೆಯಷ್ಟಿತ್ತು. ಬಡ್ಡಿ ವರ್ಷಕ್ಕೆ ಶೇ. 18.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಪ್ರತಿ ದಿನದ ಕೊನೆಯ ಬಾಕಿಯನ್ನು ವಾರ್ಷಿಕ ದರದಿಂದ ಗುಣಿಸಿ 365ರಿಂದ ಭಾಗಿಸುತ್ತಾರೆ. ತಿಂಗಳ ಕೊನೆಗೆ ಎಲ್ಲವನ್ನೂ ಕೂಡಿಸಿ ಖಾತೆಯಿಂದಲೇ ಕಳೆಯುತ್ತಾರೆ. ಹತ್ತು ದಿನಗಳ ದುಡಿಮೆಯಷ್ಟು ಹಣವನ್ನು ಒಂದು ವಾರ ಇಟ್ಟುಕೊಂಡರೆ ಹಾಳಾಗುವುದು ಹೆಚ್ಚೆಂದರೆ ಒಂದು ಊಟದ ಬಿಡುವಿನಷ್ಟು ದುಡಿಮೆ. ಒಮ್ಮೆ ನನಗೆ ಕೆಲಸ ಕೊಡುವ ಪ್ರಕಾಶಕರು 19 ದಿನ ತಡವಾಗಿ ಹಣ ಕಳಿಸಿದರು. ಆ ತಿಂಗಳು ಕಾರ್ಡಿನ ಬಾಕಿ, ವಿಮೆಯ ಕಂತು, ಮನೆ ಬಾಡಿಗೆ ಎಲ್ಲವೂ ತಮ್ಮ ತಮ್ಮ ದಿನಕ್ಕೆ ತಾವೇ ಹೋದವು. ಓಡಿ ಇರದಿದ್ದರೆ ಮೂರೂ ಹಿಂದಿರುಗುತ್ತಿದ್ದವು. ಕಾರ್ಡಿನದು ವರದಿಯಲ್ಲಿ ಇನ್ನೊಂದು ಕಪ್ಪುಚುಕ್ಕೆಯಾಗುತ್ತಿತ್ತು. ನಾನು ಕೊಟ್ಟ ಮೂರು ಅಂಕದಲ್ಲಿ ಎರಡು ಆ ಒಂದು ತಿಂಗಳಿಗೆ.

ಈ ಸೇವೆ ಹುಟ್ಟಿದ್ದೂ ಅದಕ್ಕಾಗಿಯೇ. 1728ರಲ್ಲಿ ಎಡಿನ್‌ಬರೋದ ವಿಲಿಯಂ ಹಾಗ್ ಎಂಬ ವ್ಯಾಪಾರಿಗೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಅವನ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹಣ ತೆಗೆಯಲು ಅನುಮತಿ ಕೊಟ್ಟಿತು. ಓವರ್‌ಡ್ರಾಫ್ಟಿನ ಮೊದಲ ಉದಾಹರಣೆ ಎಂದು ಅದನ್ನೇ ಹೇಳುವುದು ರೂಢಿ. ಕೊಡಬೇಕಾದವರು ಕೊಡುವ ಮೊದಲೇ ಅವನು ತನ್ನವರಿಗೆ ಕೊಡಬೇಕಿತ್ತು, ಅಷ್ಟೇ. ಸುಮಾರು ಮುನ್ನೂರು ವರ್ಷದ ಹಿಂದಿನ ಆ ವ್ಯಾಪಾರಿಗೆ ಕ್ರೆಡಿಟ್ ಸ್ಕೋರ್ ಎಂಬುದೊಂದು ಇರಲಿಲ್ಲ, ಪುಣ್ಯವಂತ.

ಈಗ ಶಾಖೆಯವರು ಹೇಳಿದ ಮಾತಿಗೆ ಬರುತ್ತೇನೆ. ‘ಬಳಸುತ್ತಾ, ಕಟ್ಟುತ್ತಾ ಇದ್ದರೆ’. ಐದು ತಿಂಗಳು ಹಾಗೆಯೇ ಮಾಡಿದೆ. ಪ್ರತಿ ತಿಂಗಳ 4ರಂದು ಹಣ ಬರುತ್ತಿತ್ತು, ಖಾತೆ ಮೇಲೆ ಬರುತ್ತಿತ್ತು, ಮತ್ತೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಒಂದು ದಿನವೂ ಮಿತಿ ಮೀರಲಿಲ್ಲ. 588 ಇದ್ದದ್ದು 594 ಆಯಿತು. ಐದು ತಿಂಗಳಿಗೆ ಆರು ಅಂಕ! ಈ ವೇಗದಲ್ಲಿ 700 ಮುಟ್ಟಲು ಇನ್ನೂ ಏಳು ವರ್ಷಕ್ಕೂ ಹೆಚ್ಚು ಬೇಕು.

ಏಕೆ ಹೀಗೆ ಎಂದು ತಲೆಕೆಡಿಸಿಕೊಂಡಾಗ ಹೊಳೆದದ್ದು ಇಷ್ಟು. ಅಮೆರಿಕದಲ್ಲಿ 1989ರಿಂದ ಬಳಕೆಯಲ್ಲಿರುವ ಫೈಕೋ ಸ್ಕೋರಿನವರು ತಮ್ಮ ತೂಕಗಳನ್ನು ಬಹಿರಂಗವಾಗಿ ಹೇಳುತ್ತಾರೆ: ಸಮಯಕ್ಕೆ ಸರಿಯಾಗಿ ಕಟ್ಟಿದ ಇತಿಹಾಸಕ್ಕೆ ಶೇ. 35, ಎಷ್ಟು ಬಾಕಿ ಇದೆ ಎಂಬುದಕ್ಕೆ ಶೇ. 30, ಖಾತೆಗಳ ವಯಸ್ಸಿಗೆ ಶೇ. 15, ಹೊಸ ಸಾಲಗಳಿಗೆ ಮತ್ತು ಸಾಲಗಳ ವೈವಿಧ್ಯಕ್ಕೆ ತಲಾ ಶೇ. 10. ಬೇರೆ ಕಡೆಯ ಬ್ಯೂರೋಗಳ, ಅಂದರೆ ಕ್ರೆಡಿಟ್ ವರದಿ ಸಿದ್ಧಪಡಿಸುವ ಸಂಸ್ಥೆಗಳ, ಸೂತ್ರ ಬೇರೆ ಇರಬಹುದು, ಆದರೆ ಸಾಮಾನ್ಯವಾಗಿ ಮೊದಲ ಎರಡು ಸಂಗತಿಗಳೇ ದೊಡ್ಡವು. ಓಡಿಯನ್ನು ಈ ತಕ್ಕಡಿಯಲ್ಲಿಟ್ಟು ನೋಡಿ. ಅದಕ್ಕೆ ಕಂತು ಎಂಬುದೇ ಇಲ್ಲ. ಇಂಥ ದಿನ ಇಷ್ಟು ಕಟ್ಟಬೇಕು ಎಂದು ಯಾರೂ ಹೇಳುವುದಿಲ್ಲ. ಕಂತೇ ಇಲ್ಲದ ಸಾಲದಲ್ಲಿ ಕಂತು ತಪ್ಪಿಸದವಳು ಎಂಬ ಹೆಸರು ಬರುವುದಾದರೂ ಹೇಗೆ? ಬಾಕಿ ಮಾತ್ರ ಎದ್ದು ಕಾಣುತ್ತದೆ. ಅಂದರೆ ಒಳ್ಳೆಯ ನಡತೆ ದಾಖಲಾಗುವ ಕಾಲಮ್ಮಿನಲ್ಲಿ ಓಡಿಗೆ ಬರೆಯಲು ಹೆಚ್ಚೇನೂ ಇಲ್ಲ, ದೂರು ದಾಖಲಾಗುವ ಕಾಲಮ್ಮಿನಲ್ಲಿ ಜಾಗ ಧಾರಾಳವಾಗಿದೆ.

ಆದರೂ ನನ್ನ ಬಾಕಿ ತಿಂಗಳ ಮೊದಲ ವಾರದಲ್ಲಿ ಬಹಳ ಕಡಿಮೆ ಇರುತ್ತಿತ್ತಲ್ಲ? ಆರನೆಯ ತಿಂಗಳು ಒಂದು ರಾತ್ರಿ ಕ್ರೆಡಿಟ್ ವರದಿಯನ್ನೂ ಖಾತೆಯ ಸ್ಟೇಟ್‌ಮೆಂಟನ್ನೂ ಮುದ್ರಿಸಿಕೊಂಡು, ಮೂಲಪ್ರತಿ ಮತ್ತು ಕರಡನ್ನು ಇಟ್ಟುಕೊಳ್ಳುವ ಹಾಗೆ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು ಕುಳಿತೆ. ಎಡಗೈ ಬೆರಳು ವರದಿಯ ಮೇಲೆ, ಬಲಗೈಯಲ್ಲಿ ಕೆಂಪು ಪೆನ್ನು. ವರದಿಯಲ್ಲಿ ‘ಪ್ರಸ್ತುತ ಬಾಕಿ’ ಎಂಬಲ್ಲಿ ಇದ್ದ ಸಂಖ್ಯೆಯ ಕೊನೆಯ ಎರಡು ಅಂಕಿ 47. ಸ್ಟೇಟ್‌ಮೆಂಟಿನಲ್ಲಿ 47ರಿಂದ ಮುಗಿಯುವ ಬಾಕಿಯನ್ನು ಹುಡುಕುತ್ತಾ ಹೋದೆ. ಸಿಕ್ಕಿದ್ದು ತಿಂಗಳ ಕೊನೆಯ ದಿನದ ಕೊನೆಯ ಸಾಲಿನಲ್ಲಿ. ಹಿಂದಿನ ತಿಂಗಳ ವರದಿ ತೆಗೆದೆ. ಅದೂ ಕೊನೆಯ ದಿನದ್ದೇ. ಅದರ ಹಿಂದಿನದೂ ಅಷ್ಟೇ.

ಸಹಾಯವಾಣಿಗೆ ಮೂರು ಸಲ ಕರೆ ಮಾಡಿ “ಯಾವ ದಿನದ ಬಾಕಿಯನ್ನು ಬ್ಯೂರೋಗೆ ಕಳಿಸುತ್ತೀರಿ?” ಎಂದು ಕೇಳಿದ್ದೆ. ಒಬ್ಬರು ‘ದಿನವೂ’ ಎಂದರು, ಒಬ್ಬರು ‘ಅದು ವ್ಯವಸ್ಥೆಯೇ ಮಾಡುತ್ತದೆ’ ಎಂದರು, ಇನ್ನೊಬ್ಬರು ನನಗೆ ಹೊಸ ಕಾರ್ಡ್ ಬೇಕೇ ಎಂದು ಕೇಳಿದರು. ಉತ್ತರ ಎರಡು ಹಾಳೆಗಳಲ್ಲಿ ಇತ್ತು.

ಅಂದರೆ ಬ್ಯಾಂಕು ತಿಂಗಳಿಗೊಮ್ಮೆ ನನ್ನ ಫೋಟೊ ತೆಗೆಯುತ್ತಿತ್ತು. ತೆಗೆಯುತ್ತಿದ್ದದ್ದು ನಾನು ಅತ್ಯಂತ ಆಳದಲ್ಲಿ ಮುಳುಗಿರುವ ದಿನ. 40 ದಿನಗಳ ಮಿತಿಯಲ್ಲಿ ಆ ದಿನ 38 ದಿನಗಳಷ್ಟು ಬಳಸಿರುತ್ತಿದ್ದೆ, ಶೇ. 95. ನಾಲ್ಕು ದಿನ ಬಿಟ್ಟು ತೆಗೆದಿದ್ದರೆ ಬೇರೆಯೇ ಮುಖ ಕಾಣುತ್ತಿತ್ತು. ಮನೆಯ ಮಾಲೀಕರನ್ನೂ ವಿಮೆಯವರನ್ನೂ ಕೇಳಿಕೊಂಡು, ಕಾರ್ಡಿನ ಬಿಲ್ಲಿನ ದಿನವನ್ನೂ ಬದಲಿಸಿ, ತಿಂಗಳ 26, 27, 28ರಂದು ಹೋಗುತ್ತಿದ್ದ ಮೂರು ಪಾವತಿಗಳನ್ನು 6 ಮತ್ತು 7ಕ್ಕೆ ಸರಿಸಿದೆ. ಮುಂದಿನ ತಿಂಗಳ ಕೊನೆಗೆ ಬಾಕಿ 17 ದಿನಗಳಷ್ಟು, ಮಿತಿಯ ಶೇ. 43ಕ್ಕಿಂತ ಕಡಿಮೆ. ಎರಡು ತಿಂಗಳಲ್ಲಿ ಸ್ಕೋರ್ 629. ಸಾಲ ಒಂದು ಬಿಡಿಗಾಸೂ ತೀರಿರಲಿಲ್ಲ. ಬೆಳಕಿಗೆ ಮುಖ ಮಾಡಿ ನಿಂತಿದ್ದೆ, ಅಷ್ಟೇ. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಈ ಜಾಣತನ ಎಲ್ಲ ಕಾಲಕ್ಕೂ ನಡೆಯುವುದಿಲ್ಲ ಎಂಬುದನ್ನೂ ಸೇರಿಸಬೇಕು. ಹೊಸ ಮಾದರಿಯ ಕೆಲವು ಸ್ಕೋರ್‌ಗಳು, ಉದಾಹರಣೆಗೆ 2020ರಲ್ಲಿ ಪ್ರಕಟವಾದ ಫೈಕೋ 10ಟಿ, ಒಂದು ದಿನದ ಚಿತ್ರದ ಬದಲು ಎರಡು ವರ್ಷಗಳ ಏರಿಳಿತವನ್ನು ನೋಡುತ್ತವೆ. ಭಾರತದಲ್ಲಂತೂ 2025ರ ಜನವರಿಯಿಂದ ಸಾಲದ ಮಾಹಿತಿಯನ್ನು ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಬ್ಯೂರೋಗಳಿಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಫೋಟೊಗಳು ಹೆಚ್ಚಿದಷ್ಟೂ ಭಂಗಿ ಕೊಡುವುದು ಕಷ್ಟ.

ಪಾವತಿಗಳನ್ನು ಸರಿಸುವ ಮೊದಲು ನಡೆದ ಒಂದು ಘಟನೆಯನ್ನು ಬಿಟ್ಟಿದ್ದೆ, ಏಕೆಂದರೆ ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ‘ಒಂದು ದಿನವೂ ಮಿತಿ ಮೀರಲಿಲ್ಲ’ ಎಂದೆನಲ್ಲ, ಅದು ಐದು ತಿಂಗಳ ಮಾತು. ಆರನೆಯ ತಿಂಗಳ ಕೊನೆಯ ದಿನ ಸಂಜೆ ನನ್ನ ಬಾಕಿ 39.7 ದಿನಗಳಷ್ಟಿತ್ತು. ಮಿತಿಯ ಒಳಗೇ ಇದ್ದೇನೆಂದು ನೆಮ್ಮದಿಯಿಂದ ಮಲಗಿದೆ. ಮಧ್ಯರಾತ್ರಿ ಆ ತಿಂಗಳ ಬಡ್ಡಿ ಬಿತ್ತು: 0.45 ದಿನ. ಒಟ್ಟು 40.15. ಸುಮಾರು ಒಂದು ಗಂಟೆಯ ದುಡಿಮೆಯಷ್ಟು ಮಿತಿ ಮೀರಿದೆ. ಮೀರಿಸಿದ್ದು ನನ್ನ ಖರ್ಚಲ್ಲ, ಅವರ ಬಡ್ಡಿ. ಬೆಳಿಗ್ಗೆ ದಂಡ ಶುಲ್ಕದ ಸಂದೇಶ ಬಂದಿತ್ತು, ಅರ್ಧ ದಿನದ ದುಡಿಮೆ. ಫೋಟೊ ತೆಗೆಯುವ ದಿನವೂ ಅದೇ. ಆ ತಿಂಗಳ ವರದಿಯಲ್ಲಿ ನನ್ನ ಬಳಕೆ ಮಿತಿಗಿಂತ ಹೆಚ್ಚು ಎಂದು ದಾಖಲಾಯಿತು. ಪತ್ರ ಬರೆದ ಮೇಲೆ ದಂಡವನ್ನು ಹಿಂದಿರುಗಿಸಿದರು. ವರದಿಯ ಸಾಲನ್ನು ತಿದ್ದಲು ಒಪ್ಪಲಿಲ್ಲ, ‘ಮಾಹಿತಿ ಸರಿಯಾಗಿಯೇ ಇದೆ’ ಎಂದರು. ಸರಿಯಾಗಿಯೇ ಇತ್ತು, ಅದೇ ಬೇಸರ. ಅಂದಿನಿಂದ ಬಡ್ಡಿಗೆಂದು ಒಂದು ದಿನದ ದುಡಿಮೆಯಷ್ಟು ಜಾಗವನ್ನು ಮಿತಿಯೊಳಗೆ ಖಾಲಿ ಬಿಡುವುದು ಅಭ್ಯಾಸವಾಯಿತು.

ಮಿತಿ ಮೀರುವುದು ಎಲ್ಲಿದ್ದರೂ ಒಳ್ಳೆಯದಲ್ಲ, ಆದರೆ ಅದರ ಪರಿಣಾಮ ಊರಿಂದೂರಿಗೆ ಬೇರೆ. ಬ್ರಿಟನ್ನಿನಲ್ಲಿ ಓವರ್‌ಡ್ರಾಫ್ಟ್ ಕ್ರೆಡಿಟ್ ವರದಿಯಲ್ಲಿ ಸಾಲವಾಗಿಯೇ ಕಾಣುತ್ತದೆ. ಸುಸ್ತಿಯಾದರೆ ಆ ಕಲೆ ಆರು ವರ್ಷ ಉಳಿಯುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಖಾತೆಯಲ್ಲಿ ಹಣ ಮೀರಿ ತೆಗೆದದ್ದು ಸಾಮಾನ್ಯವಾಗಿ ಬ್ಯೂರೋವರೆಗೆ ಹೋಗುವುದಿಲ್ಲ. ಕಟ್ಟದೆ ಬಿಟ್ಟು, ವಸೂಲಿ ಸಂಸ್ಥೆಯ ಕೈಗೆ ಹೋದರೆ ಮಾತ್ರ ಹೋಗುತ್ತದೆ, ಹೋದರೆ ಏಳು ವರ್ಷ ಕೂರುತ್ತದೆ. ಭಾರತದಲ್ಲಿ ಓಡಿ ಖಾತೆಯ ಬಾಕಿ ಸತತ 90 ದಿನ ಮಿತಿಗಿಂತ ಮೇಲಿದ್ದರೆ, ಅಥವಾ 90 ದಿನ ಜಮೆಯೇ ಬಾರದಿದ್ದರೆ, ಬಂದ ಜಮೆ ಬಡ್ಡಿಗೂ ಸಾಲದಿದ್ದರೆ, ಅದನ್ನು ಅನುತ್ಪಾದಕ ಸಾಲವೆಂದು, ಅಂದರೆ ಕೆಟ್ಟ ಸಾಲವೆಂದು, ಪರಿಗಣಿಸುತ್ತಾರೆ. ಕೊನೆಯ ಮಾತನ್ನು ಎಲ್ಲರೂ ಗಮನಿಸುವುದಿಲ್ಲ. ಮಿತಿಯೊಳಗೇ ಇದ್ದು, ಖಾತೆಯನ್ನು ಮುಟ್ಟದೆ ಸುಮ್ಮನಿದ್ದರೂ ಕೆಡಬಹುದು. ಕಂತಿಲ್ಲದ ಸಾಲಕ್ಕೆ ಇರುವ ಗುಟ್ಟಿನ ಕಂತು ಅದು.

ಹನ್ನೆರಡನೆಯ ತಿಂಗಳು ನವೀಕರಣ. ಓಡಿ ಎಂಬುದು ಕೊಟ್ಟವರು ಕೇಳಿದಾಗ ಹಿಂದಿರುಗಿಸಬೇಕಾದ ಸಾಲ. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಇದು ಇರುತ್ತದೆ, ಸಣ್ಣ ಅಕ್ಷರ ಓದುವುದೇ ಕಸುಬಾದ ನಾನೂ ಓದಿರಲಿಲ್ಲ. ‘ನಿಮ್ಮ ಬಳಕೆಯನ್ನು ಪರಿಶೀಲಿಸಿ’ ಮಿತಿಯನ್ನು 40ರಿಂದ 25 ದಿನಗಳಿಗೆ ಇಳಿಸಿದ್ದೇವೆ ಎಂದು ಪತ್ರ ಬಂತು. ಬಾಕಿ ಮೊದಲಿನಂತೆ 17 ದಿನಗಳಷ್ಟೇ. ಆದರೆ ಶೇ. 43ರ ಒಳಗಿದ್ದ ಬಳಕೆ ನಾನು ಬೆರಳೂ ಅಲ್ಲಾಡಿಸದೆ ಶೇ. 68 ಆಯಿತು. ಸ್ಕೋರ್ 629ರಿಂದ 611ಕ್ಕೆ ಜಾರಿತು. ಹೆಚ್ಚು ಬಳಸಿದರೆ ಅಪಾಯದವಳು, ಕಡಿಮೆ ಬಳಸಿದರೆ ಬೇಡದವಳು! ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಚಾಚಿ ಮಲಗಿದ ಮೇಲೆ ಹಾಸಿಗೆಯನ್ನು ಮಡಚುವವರಿಗೆ ಏನನ್ನಬೇಕು?

ಆ ಪತ್ರ ಬಂದ ದಿನ ಕುಳಿತು ವರ್ಷದ ಬಡ್ಡಿಯನ್ನೆಲ್ಲ ಕೂಡಿಸಿದೆ. ನಾಲ್ಕು ದಿನಗಳ ದುಡಿಮೆಗಿಂತ ತುಸು ಹೆಚ್ಚು. ಅಷ್ಟು ದಿನ ಬ್ಯಾಂಕಿಗಾಗಿ ಕರಡು ತಿದ್ದಿದ್ದೆ. ಅಸಲು ಹಾಗೇ ಇತ್ತು. ಪ್ರತಿ ತಿಂಗಳ 4ರಂದು ‘ಕಟ್ಟಿದೆ’ ಎಂದು ನಾನು ಅಂದುಕೊಳ್ಳುತ್ತಿದ್ದದ್ದು ಕಟ್ಟಿದ್ದೇ ಅಲ್ಲ, ಒಂದೇ ನೀರನ್ನು ಕೊಡದಿಂದ ಬಿಂದಿಗೆಗೆ, ಬಿಂದಿಗೆಯಿಂದ ಕೊಡಕ್ಕೆ ಸುರಿದದ್ದು.

ಹದಿಮೂರನೆಯ ತಿಂಗಳು ಅದೇ ಬ್ಯಾಂಕಿನಲ್ಲಿ ಆ 17 ದಿನಗಳ ಬಾಕಿಯನ್ನು ಹನ್ನೆರಡು ಕಂತುಗಳ ಸಾಲವಾಗಿ ಬದಲಿಸಿಕೊಂಡೆ. ಬಡ್ಡಿ ಶೇ. 13. ಅರ್ಜಿ ಹಾಕಿದಾಗ ಬ್ಯಾಂಕು ನನ್ನ ವರದಿಯನ್ನು ತೆಗೆದು ನೋಡಿದ್ದು ಅದರಲ್ಲಿ ‘ವಿಚಾರಣೆ’ ಎಂದು ದಾಖಲಾಗಿ ಐದು ಅಂಕ ಹೋಯಿತು, ಹೋಗಲಿ. ಈಗ ಐದು ಕಂತು ಮುಗಿದಿದೆ. ವರದಿಯಲ್ಲಿ ಸಮಯಕ್ಕೆ ಕಟ್ಟಿದ ಕಂತಿಗೊಂದರಂತೆ ಐದು ಹಸಿರು ಚೌಕಗಳು ಸಾಲಾಗಿ ನಿಂತಿವೆ. ಓಡಿ ಬಳಸಿದ ಒಂದು ವರ್ಷದಲ್ಲಿ ಅಂಥ ಒಂದು ಚೌಕವನ್ನೂ ನಾನು ಗಳಿಸಿರಲಿಲ್ಲ. ಮೊನ್ನೆಯ ಸ್ಕೋರ್ 684. ಎಲ್ಲ ಶ್ರೇಯಸ್ಸೂ ಕಂತಿನದ್ದೇ ಎಂದರೆ ಸುಳ್ಳಾಗುತ್ತದೆ: ಜಾಮೀನಿನ ಸಾಲವನ್ನು ಆ ಪುಣ್ಯಾತ್ಮರು ಈ ನಡುವೆ ತೀರಿಸಿದರು, ನನ್ನ ಹಳೆಯ ತಡ ಪಾವತಿಗಳಿಗೂ ವಯಸ್ಸಾಯಿತು. ಆದರೆ ಓಡಿಯ ಬಾಕಿ ಶೂನ್ಯವಾದ ತಿಂಗಳೇ ಅತಿ ದೊಡ್ಡ ನೆಗೆತ, ಒಮ್ಮೆಗೇ 31 ಅಂಕ.

ಹಾಗಾದರೆ ಓಡಿಯನ್ನು ಮುಚ್ಚಿಸಲಿಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ಇಲ್ಲ. ಬಳಸದೆ ಇಟ್ಟ ಮಿತಿ ನನ್ನ ಒಟ್ಟು ಬಳಕೆಯ ಪ್ರಮಾಣವನ್ನು ಕಡಿಮೆ ತೋರಿಸುತ್ತದೆ. ಪ್ರಕಾಶಕರು ಇನ್ನೊಮ್ಮೆ 19 ದಿನ ತಡಮಾಡುವುದಿಲ್ಲ ಎಂಬ ಭರವಸೆಯೂ ಇಲ್ಲ. ಆದರೆ 25 ದಿನಗಳ ಮಿತಿ ನನ್ನಂಥವಳಿಗೆ ಹೆಚ್ಚು. ಅದಕ್ಕೆ ಕಾರಣ ಆ್ಯಪ್. ತೆರೆದ ಕೂಡಲೇ ದಪ್ಪ ಅಕ್ಷರಗಳಲ್ಲಿ ‘ಲಭ್ಯ ಮೊತ್ತ’ ಎಂದು ತೋರಿಸುತ್ತದೆ. ಅದರಲ್ಲಿ ನನ್ನ ಹಣವೂ ಅವರ ಸಾಲವೂ ಕಲಸಿಹೋಗಿರುತ್ತವೆ. ನನ್ನದು ಶೂನ್ಯವಿದ್ದಾಗಲೂ ಪರದೆಯ ಮೇಲೆ ನಾನು ಸ್ಥಿತಿವಂತೆ. ಬ್ರಿಟನ್ನಿನ ನಿಯಂತ್ರಕರು 2019ರ ಕೊನೆಯಿಂದಲೇ ಹೀಗೆ ಓವರ್‌ಡ್ರಾಫ್ಟನ್ನು ಲಭ್ಯ ಹಣದಲ್ಲಿ ಸೇರಿಸಿ ತೋರಿಸಬಾರದೆಂದು ನಿರ್ಬಂಧಿಸಿದ್ದಾರೆ. 2020ರ ಏಪ್ರಿಲ್‌ನಿಂದ ಬಗೆಬಗೆಯ ಶುಲ್ಕಗಳ ಬದಲು ಒಂದೇ ವಾರ್ಷಿಕ ಬಡ್ಡಿದರ ಹೇಳಬೇಕು ಎಂದೂ ಮಾಡಿದ್ದಾರೆ. ದರವೇನೋ ಅಲ್ಲಿನ ಅನೇಕ ಬ್ಯಾಂಕುಗಳಲ್ಲಿ ಶೇ. 40ರ ಆಸುಪಾಸಿಗೆ ಏರಿ ಕೂತಿತು, ಆದರೆ ಕಾಣುವಂತಾದರೂ ಆಯಿತು. ನನ್ನ ಬ್ಯಾಂಕಿಗೆ ಈ ಮೊತ್ತವನ್ನು ಬೇರೆ ಬೇರೆ ತೋರಿಸಿ ಎಂದು ಎರಡು ಸಲ ಬರೆದೆ. ‘ನಿಮ್ಮ ಸಲಹೆಗೆ ಧನ್ಯವಾದಗಳು’ ಎಂಬ ಒಂದೇ ಉತ್ತರ ಎರಡು ಸಲ ಬಂತು, ಎರಡರಲ್ಲೂ ‘ಧನ್ಯವಾದ’ದ ‘ಧ’ ಅಲ್ಪಪ್ರಾಣವಾಗಿತ್ತು.

ಕೊನೆಗೆ ಮಿತಿಯನ್ನೇ 10 ದಿನಗಳಿಗೆ ಇಳಿಸೋಣವೆಂದು ಆ್ಯಪ್‌ನಲ್ಲಿ ಹುಡುಕಿದೆ. ‘ಮಿತಿ ಹೆಚ್ಚಿಸಿ’ ಎಂಬ ಗುಂಡಿ ಮೂರು ಕಡೆ ಇದೆ. ಇಳಿಸುವುದಕ್ಕೆ ಒಂದೂ ಇಲ್ಲ. ನಿನ್ನೆ ಶಾಖೆಗೇ ಹೋದೆ.

“ಎಷ್ಟು ಹೆಚ್ಚಿಸಬೇಕು ಮೇಡಂ?” ಎಂದರು ಕಿಟಕಿಯ ಹಿಂದಿನ ಹುಡುಗ.

“ಹೆಚ್ಚಿಸುವುದಲ್ಲ, ಇಳಿಸುವುದು.”

“ಇಳಿಸುವುದೇ?” ಪಕ್ಕದವರನ್ನು ನೋಡಿದರು. ಪಕ್ಕದವರು ಭುಜ ಕುಣಿಸಿದರು. ಅದಕ್ಕೆ ಬೇರೆ ನಮೂನೆ ಇಲ್ಲವಂತೆ. ಹೆಚ್ಚಳದ ನಮೂನೆಯಲ್ಲೇ ತುಂಬಿ, ಮೇಲೆ ಕೈಯಲ್ಲಿ ಬರೆದುಕೊಡುತ್ತೇನೆ ಎಂದು ಹುಡುಗ ಪಾಪ ತಾವೇ ಬರೆದುಕೊಟ್ಟರು. ಸಹಿ ಹಾಕುವ ಮೊದಲು ಓದಿದೆ. ‘ಗ್ರಾಹಕರ ಕೋರಿಕೆಯ ಮೇರೆಗೆ ಮಿತಿಯ ಹೆಚ್ಚಳ’ ಎಂದಿತ್ತು, ಕೈ ಅಭ್ಯಾಸ. ಚೀಲದಿಂದ ಕೆಂಪು ಪೆನ್ನು ತೆಗೆದು ‘ಹೆಚ್ಚಳ’ವನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಇಳಿಕೆ’ ಎಂದು ಬರೆದು, ಪಕ್ಕದಲ್ಲಿ ನನ್ನ ಗುರುತು ಹಾಕಿ ಕೊಟ್ಟೆ.